ಕಿವಿ ಮೊದಲು, ಸರ್ಕ್ಯೂಟ್ ಆಮೇಲೆ: ಕಡಿಮೆ ಖರ್ಚಿನಲ್ಲಿ ಮಾಡೆಲ್ ಇಂಜಿನ್ನಿಗೆ ದನಿ

(ಬೆಂಗಳೂರಿನಲ್ಲಿ ಮಾಡೆಲ್ ರೈಲು ಹವ್ಯಾಸಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಜಿನ್ನಿಗೆ ಸದ್ದು ಕೂರಿಸಬೇಕು ಅಂದ ಕೂಡಲೇ ನಮ್ಮಲ್ಲಿ ಏಳುವ ಪ್ರಶ್ನೆ "ಯಾವ ಡಿಕೋಡರ್, ಎಷ್ಟಾಗುತ್ತೆ?" ಅನ್ನುವುದು. ಡಿಕೋಡರ್ ಅಂದರೆ ಇಂಜಿನ್ನಿನೊಳಗೆ ಕೂತು, ಕಂಟ್ರೋಲರಿನ ಆದೇಶ ಓದಿ ಓಟ, ಸದ್ದು ನಡೆಸುವ ಪುಟ್ಟ ಸರ್ಕ್ಯೂಟ್. ಹೊರದೇಶದ ಒಳ್ಳೆಯ ಸೌಂಡ್ ಡಿಕೋಡರ್ ಒಂದಕ್ಕೆ ನೂರು ಯೂರೋ ಮೇಲೇ ಆಗುತ್ತೆ. ಅದರ ಮೇಲೆ ಸಾಗಣೆ, ಸುಂಕ. ನಾಲ್ಕು ಇಂಜಿನ್ ಇರುವವರು ಅಲ್ಲಿಗೇ ಆಸೆ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಆದರೆ ಅದಕ್ಕೆ ಬೇರೊಂದು ಪ್ರಶ್ನೆಯಿಂದ ಶುರು ಮಾಡಬೇಕು. ಈ ಇಂಜಿನ್ನಿನ ಸದ್ದು ಯಾರ ಮಾತು ಕೇಳುತ್ತೆ?

ಸ್ಟೀಮ್ ಇಂಜಿನ್ನಿನ ಸದ್ದು ಗಾಲಿಯ ಮಾತು ಕೇಳುತ್ತೆ. ಡೀಸೆಲ್ ಇಂಜಿನ್ನಿನ ಸದ್ದು ಡ್ರೈವರ್ ಕೈಯ ಮಾತು ಕೇಳುತ್ತೆ. ಎಲೆಕ್ಟ್ರಿಕ್ ಲೋಕೋದ ಹೆಚ್ಚಿನ ಸದ್ದು ಈ ಎರಡರ ಮಾತನ್ನೂ ಕೇಳುವುದಿಲ್ಲ. ಇಷ್ಟನ್ನು ಸರಿಯಾಗಿ ಹಿಡಿದರೆ ಇನ್ನೂರು ರೂಪಾಯಿಯ ಮಾಡ್ಯೂಲೂ ನಂಬಿಸುತ್ತೆ. ಇದನ್ನು ತಪ್ಪಿಸಿಕೊಂಡರೆ ಹದಿನೈದು ಸಾವಿರದ ಡಿಕೋಡರೂ ಆಟದ ಸಾಮಾನಿನ ಹಾಗೇ ಕೇಳಿಸುತ್ತೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಉಳಿದದ್ದೆಲ್ಲ ತಂತಿ, ಬೆಸುಗೆ, ಫೈಲು.

ಮೊದಲು ಸ್ಟೀಮ್. ಸಾಮಾನ್ಯ ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಎರಡೂ ಬದಿಗೆ ಉಗಿ ನುಗ್ಗುತ್ತೆ, ಎರಡೂ ಬದಿಯಿಂದ ಹೊರಬೀಳುತ್ತೆ. ಹಾಗಾಗಿ ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಚಿಮಣಿಯಿಂದ ನಾಲ್ಕು "ಛುಕ್". ಮೂರೂ ಅಲ್ಲ, ಐದೂ ಅಲ್ಲ. ಒಮ್ಮೆ ನಮ್ಮ ಮೀಟರ್‌ಗೇಜಿನಲ್ಲಿ ಓಡಾಡಿದ ವೈಪಿ ಇಂಜಿನ್ ತಗೊಳ್ಳಿ. ಅದರ ದೊಡ್ಡ ಗಾಲಿಯ ವ್ಯಾಸ 1372 ಮಿಲಿಮೀಟರ್, ಅಂದರೆ ಒಂದು ಸುತ್ತಿಗೆ 4.3 ಮೀಟರ್ ದಾರಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಛುಕ್. 40 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ ಹತ್ತು.

ಇದರಲ್ಲಿ ದುಡ್ಡು ಉಳಿಸುವ ಒಂದು ದಾರಿ ಇದೆ. ಸೆಕೆಂಡಿಗೆ ಹತ್ತು ಆದ ಮೇಲೆ ಕಿವಿ ಎಣಿಸುವುದನ್ನು ಬಿಡುತ್ತೆ. ಅಲ್ಲಿ ಗಾಲಿಗೂ ಸದ್ದಿಗೂ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಯಾರಿಗೂ ತಿಳಿಯದು. ಕಣ್ಣು ಕಿವಿ ಎರಡೂ ಸೇರಿ ತಪ್ಪು ಹಿಡಿಯುವುದು ನಿಂತ ಇಂಜಿನ್ ಹೊರಡುವಾಗಿನ ಮೊದಲ ಏಳೆಂಟು ಸುತ್ತಿನಲ್ಲಿ. ಕನೆಕ್ಟಿಂಗ್ ರಾಡ್ ಕೆಳಗೆ ಬಂತು, ಸದ್ದು ಬರಲಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಪರಿಶ್ರಮವನ್ನೆಲ್ಲ ಆ ನಿಧಾನದ ಓಟಕ್ಕೇ ಇಡಿ. ಗಾಲಿಯ ಹಿಂಬದಿಗೆ ಕಪ್ಪು-ಬಿಳಿ ಪಟ್ಟೆ ನಾಲ್ಕು ನಾಲ್ಕು ಬಳಿದು, ಎದುರಿಗೆ ಬೇಳೆಯಷ್ಟಗಲದ ಒಂದು ಇನ್‌ಫ್ರಾರೆಡ್ ಸೆನ್ಸರ್ ಇಟ್ಟರೆ ಸಾಕು. ಬಿಳಿ ಬಂದಾಗಲೆಲ್ಲ ಒಂದು ಛುಕ್.

ಮಾಡೆಲ್ ಇಂಜಿನ್ನಿಗೆ ಸದ್ದು ಕೂರಿಸುವುದು ಹೊಸದೇನಲ್ಲ. ಅಮೆರಿಕದ ಲಯನೆಲ್ ಕಂಪನಿ 1935ರಲ್ಲೇ ಟೆಂಡರಿನೊಳಗೆ (ಸ್ಟೀಮ್ ಇಂಜಿನ್ನಿನ ಹಿಂದಿನ ಕಲ್ಲಿದ್ದಲು-ನೀರಿನ ಬಂಡಿ) ಪುಟ್ಟ ಮೋಟರಿನ ಫ್ಯಾನ್ ಕೂರಿಸಿ ನಿಜವಾದ ಗಾಳಿಯಿಂದಲೇ ಸೀಟಿ ಊದಿಸಿತ್ತು. 1970ರ ದಶಕದಲ್ಲಿ ಹಿತ್ತಾಳೆ ಮಾಡೆಲ್ ಮಾರುತ್ತಿದ್ದ ಪೆಸಿಫಿಕ್ ಫಾಸ್ಟ್ ಮೇಲ್ ಕಂಪನಿಯವರು ಸದ್ದು ಹುಟ್ಟಿಸುವ ಪೆಟ್ಟಿಗೆಯನ್ನು ಲೇಔಟಿನ ಹೊರಗಿಟ್ಟು, ಸ್ಪೀಕರನ್ನು ಮಾತ್ರ ಟೆಂಡರಿನಲ್ಲಿಟ್ಟರು. ಹಳಿಯ ಮೂಲಕವೇ ಸದ್ದು ಸ್ಪೀಕರಿಗೆ ಹೋಗುತ್ತಿತ್ತು, ಗಾಲಿಯ ಅಚ್ಚಿನ ಮೇಲಿನ ಕ್ಯಾಮ್ (ಜೊತೆಗೇ ತಿರುಗುವ ಉಬ್ಬಿನ ಬಿಲ್ಲೆ) ಛುಕ್ಕಿನ ಲೆಕ್ಕ ಕೊಡುತ್ತಿತ್ತು. "ಸದ್ದು ಹುಟ್ಟುವ ಜಾಗ ಬೇರೆ, ಕೇಳುವ ಜಾಗ ಬೇರೆ" ಅನ್ನುವ ಅವರ ಆ ಯೋಚನೆ ನೆನಪಿಟ್ಟುಕೊಳ್ಳಿ. ನಮ್ಮ ಬಜೆಟ್ಟಿಗೆ ಅದೇ ದೊಡ್ಡ ಉಪಕಾರ ಮಾಡುತ್ತೆ.

ಇನ್ನು ಡೀಸೆಲ್. ನನ್ನ ಪ್ರೀತಿ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮ್ಮ ಹಳೆಯ ಆಲ್ಕೋ, ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಡೀಸೆಲ್, ಅಂದರೆ ಡಬ್ಲ್ಯೂಡಿಎಂ-2. ಹದಿನಾರು ಸಿಲಿಂಡರಿನ 251 ಮಾದರಿಯ ಇಂಜಿನ್, 2600 ಅಶ್ವಶಕ್ತಿ. ಐಡಲ್‌ನಲ್ಲಿ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ 1000 ಸುತ್ತು. ಐಡಲ್ ಅಂದರೆ ಏನನ್ನೂ ಎಳೆಯದೆ ಇಂಜಿನ್ ಸುಮ್ಮನೆ ಓಡುವುದು; ನಾಚ್ ಅಂದರೆ ಡ್ರೈವರ್ ಹಿಡಿಯ ಒಂದೊಂದು ಮೆಟ್ಟಿಲು, ಎಂಟನೆಯದು ಪೂರ್ತಿ ಜೋರು. ಇಲ್ಲಿ ಗಾಲಿಗೂ ಇಂಜಿನ್ನಿಗೂ ನೇರ ಸಂಬಂಧವೇ ಇಲ್ಲ. ಇಂಜಿನ್ ಜನರೇಟರ್ ತಿರುಗಿಸುತ್ತೆ, ಜನರೇಟರ್ ಮೋಟರಿಗೆ ಕರೆಂಟ್ ಕೊಡುತ್ತೆ, ಮೋಟರ್ ಗಾಲಿ ತಿರುಗಿಸುತ್ತೆ. ಇಂಜಿನ್ ಎಷ್ಟು ಜೋರಾಗಿ ಓಡಬೇಕು ಅನ್ನುವುದನ್ನು ಹೇಳುವುದು ಡ್ರೈವರ್ ಹಿಡಿದ ನಾಚ್ ಒಂದೇ.

ಸ್ಟೇಷನ್ನಿನಿಂದ ಆಲ್ಕೋ ಹೊರಡುವುದನ್ನು ಕಣ್ಣುಮುಚ್ಚಿ ಕೇಳಿಸಿಕೊಳ್ಳಿ. ಮೊದಲು ಐಡಲ್: ದುಬ್-ದುಬ್, ದುಬ್-ದುಬ್ ಅಂತ ಸ್ವಲ್ಪ ಕುಂಟುವ ಲಯ. ನಡುನಡುವೆ ಎಕ್ಸ್‌ಪ್ರೆಸರ್ (ಬ್ರೇಕಿನ ಕಂಪ್ರೆಸರ್, ಗಾಳಿ ಹೀರುವ ಎಕ್ಸಾಸ್ಟರ್ ಎರಡೂ ಸೇರಿದ ಯಂತ್ರ) ಹೊರೆ ಹೊತ್ತಾಗ ದನಿ ಒಂದಿಷ್ಟು ಭಾರವಾಗುತ್ತೆ, ಇಳಿಸಿದಾಗ ಹಗುರಾಗುತ್ತೆ. ಹಾರ್ನ್. ಬ್ರೇಕ್ ಬಿಟ್ಟ ಗಾಳಿಯ ಸುಯ್ಲು. ಆಮೇಲೆ ನಾಚ್ ಏರುತ್ತೆ. ಇಂಜಿನ್ ಮುಂದಕ್ಕೆ ಇನ್ನೂ ಅಲ್ಲಾಡಿಲ್ಲ, ದನಿ ಮಾತ್ರ ದಪ್ಪವಾಗುತ್ತೆ. ಟರ್ಬೋ (ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ) ಇನ್ನೂ ವೇಗಕ್ಕೆ ಬಂದಿರುವುದಿಲ್ಲ. ಅದಕ್ಕೇ ಕಪ್ಪು ಹೊಗೆ ಏಳುವುದು. ಮೂರು ನಾಲ್ಕು ಸೆಕೆಂಡಾದ ಮೇಲೆ ಟರ್ಬೋದ ಸೀಳು ಸಿಳ್ಳೆ ಮೇಲೇರುತ್ತೆ. ಕಪ್ಲಿಂಗ್‌ಗಳು ಒಂದೊಂದಾಗಿ ಬಿಗಿಯುವ ಕಟಕಟ. ಆಗ ರೈಲು ಸರಿಯುತ್ತೆ. ದನಿ ತುತ್ತತುದಿಯಲ್ಲಿರುವಾಗ ವೇಗ ಇನ್ನೂ ನಡಿಗೆಯಷ್ಟು.

ಮುಂದಿನ ಸ್ಟೇಷನ್ ಹತ್ತಿರ ಬಂದಾಗ ಇದು ತಿರುವುಮುರುವು. ಡ್ರೈವರ್ ನಾಚ್ ಪೂರ್ತಿ ಇಳಿಸುತ್ತಾರೆ, ಇಂಜಿನ್ ಐಡಲ್‌ಗೆ ಬರುತ್ತೆ, ಆದರೆ ರೈಲು 60-70 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇರುತ್ತೆ. ಕೇಳಿಸುವುದು ಗಾಲಿಯ ಸದ್ದು, ಬ್ರೇಕ್ ಬ್ಲಾಕ್ ಕಿರುಚಾಟ ಅಷ್ಟೆ.

ಹಳಿಯ ವೋಲ್ಟೇಜ್ ನೋಡಿ ಸದ್ದು ಏರಿಸಿ ಇಳಿಸುವ ಅಗ್ಗದ ಸರ್ಕ್ಯೂಟ್‌ಗಳು ಸೋಲುವುದು ಇಲ್ಲೇ. ಅವುಗಳಲ್ಲಿ ನಿಧಾನಕ್ಕೆ ಹೋದರೆ ಸಣ್ಣ ದನಿ, ಜೋರಾಗಿ ಹೋದರೆ ದೊಡ್ಡ ದನಿ. ಅದು ಸ್ಕೂಟರಿನ ಸದ್ದು, ಆಲ್ಕೋದ್ದಲ್ಲ.

ಎಲೆಕ್ಟ್ರಿಕ್ ಬಗ್ಗೆ ಎರಡೇ ಮಾತು. ನಿಂತಿರಲಿ, ಓಡಲಿ, ಒಳಗಿನ ಯಂತ್ರಗಳನ್ನು ತಂಪಾಗಿಡುವ ಬ್ಲೋವರ್‌ಗಳ ಗುಂಯ್‌ಗುಡುವಿಕೆ ಹೆಚ್ಚುಕಮ್ಮಿ ಒಂದೇ. ಡಬ್ಲ್ಯೂಎಪಿ-4ನಲ್ಲಿ ಹೊರಡುವಾಗ, ಮೋಟರಿನ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ಟ್ಯಾಪ್ ಚೇಂಜರಿನ ಟಕ್ ಟಕ್ ಸೇರುತ್ತೆ. ಡಬ್ಲ್ಯೂಎಪಿ-7ರಂಥ ತ್ರೀ-ಫೇಸ್ ಲೋಕೋದಲ್ಲಿ ಹೊರಡುವ ಗಳಿಗೆಯಲ್ಲಿ ಮೋಟರ್ ಒಂದು ರಾಗ ಎಳೆಯುತ್ತೆ. ಒಂದು ಉದ್ದನೆಯ ಬ್ಲೋವರ್ ಫೈಲು, ಒಂದು ಕಂಪ್ರೆಸರ್, ಒಂದು ಹಾರ್ನ್ ಇದ್ದರೆ ಎಲೆಕ್ಟ್ರಿಕ್ ಮುಗಿಯಿತು. ಅತಿ ಕಡಿಮೆ ಖರ್ಚಿನಲ್ಲಿ ಅತಿ ಬೇಗ ಒಲಿಯುವುದು ಇದೇ. ಮೊದಲ ಸಲ ಕೈಹಾಕುವವರು ಎಲೆಕ್ಟ್ರಿಕ್‌ನಿಂದ ಶುರು ಮಾಡಿ.

ಬುದ್ಧಿ ಕಂಟ್ರೋಲರಿನಲ್ಲಿರಲಿ

ನಾನು ಒತ್ತಿ ಹೇಳುವ ವ್ಯವಸ್ಥೆ ಇದು. ಸದ್ದಿನ ಎಲೆಕ್ಟ್ರಾನಿಕ್ಸನ್ನು ಇಂಜಿನ್ನಿನೊಳಗೆ ತುರುಕಬೇಡಿ, ಕಂಟ್ರೋಲರ್ ಪೆಟ್ಟಿಗೆಯಲ್ಲಿಡಿ. ಒಂದು ಆರ್ಡುಯಿನೋ ನ್ಯಾನೋ (ನಾವೇ ಪ್ರೋಗ್ರಾಮ್ ಬರೆಯಬಹುದಾದ ಪುಟ್ಟ ಬೋರ್ಡ್), ಒಂದು ಮೋಟರ್ ಡ್ರೈವರ್ (ಅದರ ಆದೇಶದಂತೆ ಮೋಟರಿಗೆ ಕರೆಂಟ್ ಕೊಡುವ ಸರ್ಕ್ಯೂಟ್), ಒಂದು ಸೌಂಡ್ ಮಾಡ್ಯೂಲ್. ಗುಂಡಿ ತಿರುಗಿಸಿದರೆ ಅದು ಮೋಟರಿಗೆ ಹೋಗುವುದಿಲ್ಲ, ನಾಚ್ ಆಗುತ್ತೆ: ಸೊನ್ನೆಯಿಂದ ಎಂಟು. ನಾಚ್ ಬದಲಾದ ತಕ್ಷಣ ಸದ್ದು ಬದಲಾಗುತ್ತೆ. ಹಳಿಯ ವೋಲ್ಟೇಜ್ ಮಾತ್ರ ಮೂರು ಸೆಕೆಂಡು ತಡೆದು, ಆಮೇಲೆ ಸೆಕೆಂಡಿಗೆ ಇಷ್ಟೇ ಅಂತ ನಿಧಾನಕ್ಕೆ ಏರುತ್ತೆ. ನಾಚ್ ಸೊನ್ನೆಗೆ ತಂದರೆ ಸದ್ದು ಐಡಲ್‌ಗೆ ಬೀಳುತ್ತೆ, ವೋಲ್ಟೇಜ್ ಮಾತ್ರ ಬಹಳ ನಿಧಾನಕ್ಕೆ ಇಳಿಯುತ್ತೆ. ನಿಲ್ಲಿಸಲು ಬ್ರೇಕಿಗೆ ಬೇರೆ ಗುಂಡಿ. ಪ್ರೋಗ್ರಾಮಿನಲ್ಲಿ ಇದು ನಲವತ್ತು ಐವತ್ತು ಸಾಲಿನ ಕೆಲಸ.

ಇದನ್ನು ಮಾಡಿಕೊಂಡ ದಿನ ನಿಮ್ಮ ಆಟವೇ ಬದಲಾಗುತ್ತೆ. ಸ್ಟೇಷನ್ನಿಗೆ ಎಷ್ಟು ದೂರ ಇರುವಾಗ ನಾಚ್ ಇಳಿಸಬೇಕು, ಎಲ್ಲಿ ಬ್ರೇಕ್ ಹಿಡಿಯಬೇಕು ಅಂತ ಯೋಚಿಸತೊಡಗುತ್ತೀರಿ. ಅದೂ ಅಲ್ಲದೆ ಸಿಮ್ಯುಲೇಶನ್ ಪೆಟ್ಟಿಗೆಯಲ್ಲಿರುವುದರಿಂದ ನಿಮ್ಮ ಹತ್ತಿರ ಇರುವ ಯಾವ ಡಿಸಿ ಇಂಜಿನ್ (ಹಳಿಯ ವೋಲ್ಟೇಜ್ ಏರಿಸಿದಷ್ಟೂ ಜೋರಾಗಿ ಓಡುವ ಸಾದಾ ಇಂಜಿನ್) ಇಟ್ಟರೂ ಅದಕ್ಕೆ ದನಿ ಬರುತ್ತೆ. ಆರು ಇಂಜಿನ್ನಿಗೆ ಆರು ಡಿಕೋಡರ್ ಬೇಕಿಲ್ಲ.

ಮೋಟರ್ ಡ್ರೈವರ್ ಬಗ್ಗೆ ಒಂದು ಎಚ್ಚರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಕೇಳಿದರೆ ಮೊದಲು ಕೈಗಿಡುವುದು ಎಲ್298ಎನ್. ಅದು ತನ್ನಲ್ಲೇ 2 ವೋಲ್ಟಿನಷ್ಟು ನುಂಗುತ್ತೆ, ಬಿಸಿಯೂ ಆಗುತ್ತೆ. ಡಿಆರ್‌ವಿ8871 ಸಿಕ್ಕರೆ ಅದನ್ನೇ ತಗೊಳ್ಳಿ. ಇನ್ನೊಂದು, ಆರ್ಡುಯಿನೋದ ಸಾಮಾನ್ಯ ಪಿಡಬ್ಲ್ಯೂಎಂ (ಕರೆಂಟನ್ನು ಬೇಗ ಬೇಗ ಕೊಟ್ಟು ನಿಲ್ಲಿಸಿ ಮೋಟರಿನ ವೇಗ ಹಿಡಿಯುವ ವಿಧಾನ) 490 ಹರ್ಟ್ಜ್. ಆ ಆವರ್ತನದಲ್ಲಿ ಮೋಟರೇ ಕಿಂಯ್ ಅಂತ ಹಾಡುತ್ತೆ, ನೀವು ಕಷ್ಟಪಟ್ಟು ಮಾಡಿದ ಆಲ್ಕೋ ದನಿಯ ಮೇಲೆ ಕೂರುತ್ತೆ. ಟೈಮರ್ ಬದಲಿಸಿ 20,000 ಹರ್ಟ್ಜ್‌ಗೆ ಏರಿಸಿ. ಅದು ಮನುಷ್ಯರ ಕಿವಿಗೆ ಕೇಳಿಸದು.

ಸೌಂಡ್ ಮಾಡ್ಯೂಲಿಗೆ ಅತಿ ಅಗ್ಗದ ಆಯ್ಕೆ ಡಿಎಫ್‌ಪ್ಲೇಯರ್ ಮಿನಿ. ಇನ್ನೂರು ರೂಪಾಯಿ ಆಸುಪಾಸು. ಮೆಮೊರಿ ಕಾರ್ಡ್ ಕಿಂಡಿ, 3 ವ್ಯಾಟಿನ ಆಂಪ್ಲಿಫೈಯರ್ ಎಲ್ಲ ಅದರಲ್ಲೇ ಇದೆ. ಆರ್ಡುಯಿನೋದಿಂದ ಅದರ ಆರ್‌ಎಕ್ಸ್ ಪಿನ್ನಿಗೆ ಹೋಗುವ ತಂತಿಯಲ್ಲಿ 1000 ಓಮ್ ರೆಸಿಸ್ಟರ್ ಹಾಕಿ, ಸ್ಪೀಕರಿನ ಗರಗರ ಬಹಳಷ್ಟು ಹೋಗುತ್ತೆ. ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬೇಡಿ. ಫೈಲುಗಳನ್ನು ಹೆಸರಿನಿಂದ ಅಲ್ಲದೆ ಬರೀ ಕ್ರಮಸಂಖ್ಯೆಯಿಂದ ಕರೆದರೆ, ಅದು ಕಾರ್ಡಿಗೆ ನೀವು ಕಾಪಿ ಮಾಡಿದ ಕ್ರಮವನ್ನು ಹಿಡಿಯುತ್ತೆ. ಹಾರ್ನ್ ಒತ್ತಿದರೆ ಕಂಪ್ರೆಸರ್ ಬರುವುದಕ್ಕೆ ಇದೇ ಕಾರಣ.

ಆದರೆ ಅದರ ಮಿತಿಯನ್ನು ತಿಳಿದೇ ಕೊಳ್ಳಬೇಕು. ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುವಾಗ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಮೌನವಾಗುತ್ತೆ. ಎಲೆಕ್ಟ್ರಿಕ್‌ಗೆ, ಶೆಡ್ಡಿನಲ್ಲಿ ಐಡಲ್ ನಿಂತ ಡೀಸೆಲ್‌ಗೆ, ಸ್ಟೇಷನ್ ಗದ್ದಲಕ್ಕೆ ಇದು ಧಾರಾಳವಾಗಿ ಸಾಕು. ಐದು ನಿಮಿಷದ ಫೈಲು ಹಾಕಿ, ಮೌನ ಐದು ನಿಮಿಷಕ್ಕೊಮ್ಮೆ ಬರುತ್ತೆ. ಆದರೆ ನಾಚ್ ಏರುವ ಡೀಸೆಲ್‌ಗೂ ಛುಕ್ ಛುಕ್‌ಗೂ ಅದು ಬಾರದು. ಅದಕ್ಕೆ ಇಎಸ್‌ಪಿ32 ಬೋರ್ಡ್, ಜೊತೆಗೆ ಮ್ಯಾಕ್ಸ್98357ಎ ಅನ್ನುವ ಪುಟ್ಟ ಆಂಪ್ಲಿಫೈಯರ್. ಎರಡೂ ಸೇರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬರುತ್ತೆ. ಇದರಲ್ಲಿ ಸದ್ದನ್ನು ಸ್ಯಾಂಪಲ್ ಸ್ಯಾಂಪಲ್ ಆಗಿ, ಅಂದರೆ ಚೂರು ಚೂರಾಗಿ, ನಾವೇ ಕಳಿಸುತ್ತೇವೆ, ಹಾಗಾಗಿ ಎಲ್ಲೂ ಕಡಿಯುವುದಿಲ್ಲ. ಐಡಲ್ ನಡೆಯುತ್ತಿರುವಾಗಲೇ ಅದರ ಮೇಲೆ ಹಾರ್ನ್ ಬೆರೆಸಬಹುದು.

ಸ್ಟೀಮಿಗೆ ಒಂದು ಸೂಕ್ಷ್ಮ. ಒಂದೇ ಛುಕ್ಕನ್ನು ನಾಲ್ಕು ಸಲ ನುಡಿಸಬೇಡಿ. ವಾಲ್ವ್‌ಗಳ ಹೊಂದಾಣಿಕೆ ಯಾವ ಇಂಜಿನ್ನಿನಲ್ಲೂ ನೂರಕ್ಕೆ ನೂರು ಸಮ ಇರುವುದಿಲ್ಲ, ನಾಲ್ಕರಲ್ಲಿ ಒಂದು ಯಾವಾಗಲೂ ಸ್ವಲ್ಪ ಗಟ್ಟಿ. ಒಂದು ಸುತ್ತಿನ ನಾಲ್ಕೂ ಬಡಿತಗಳನ್ನು ಬೇರೆ ಬೇರೆ ಕತ್ತರಿಸಿ, ಅದೇ ಕ್ರಮದಲ್ಲಿ ನುಡಿಸಿ. ಒಂದೊಂದೂ ಕಾಲು ಸೆಕೆಂಡು, ಒಟ್ಟು ಒಂದು ಸೆಕೆಂಡಿನ ಸದ್ದು. ಇಎಸ್‌ಪಿ32 ಕೊಳ್ಳಲು ಇಷ್ಟವಿಲ್ಲ ಅಂದರೂ, 8 ಬಿಟ್, 8000 ಹರ್ಟ್ಜ್ ದರದಲ್ಲಿ ಇದು 8 ಕಿಲೋಬೈಟ್ ಆಗುತ್ತೆ. ನ್ಯಾನೋದ 32 ಕಿಲೋಬೈಟಿನಲ್ಲಿ ಆರಾಮವಾಗಿ ಕೂರುತ್ತೆ.

ದನಿ ಎಲ್ಲಿಂದ ತರುವುದು?

ಸಿದ್ಧ ಫೈಲುಗಳ ಪಟ್ಟಿಯಲ್ಲಿ "ಭಾರತೀಯ ರೈಲ್ವೆ" ಅಂತ ಹುಡುಕಿ ನಿರಾಶರಾದವರು ಇಲ್ಲಿ ಬಹಳ ಜನ ಇದ್ದೀರಿ. ಹೆಸರು ನೋಡಬೇಡಿ, ಇಂಜಿನ್ ನೋಡಿ. ಅಮೆರಿಕದ ಆಲ್ಕೋ ಸೆಂಚುರಿ ಸರಣಿಯ ಸಿ-628, ಸಿ-630 ಲೋಕೋಗಳಲ್ಲಿ ಇರುವುದೂ ಅದೇ ಹದಿನಾರು ಸಿಲಿಂಡರಿನ 251 ಕುಟುಂಬದ ಇಂಜಿನ್. ಹುಬ್ಬಳ್ಳಿ ಶೆಡ್ಡಿನಲ್ಲಿ ನೋಡುವ ಡಬ್ಲ್ಯೂಡಿಜಿ-4ರಲ್ಲಿ ಇರುವುದು ಅಮೆರಿಕದ ಇಎಂಡಿ ಕಂಪನಿಯ 16 ಸಿಲಿಂಡರಿನ 710. ಅಮೆರಿಕದ ಎಸ್‌ಡಿ70ಮ್ಯಾಕ್‌ನಲ್ಲೂ ಅದೇ. ಈ ಹೆಸರುಗಳಿಂದ ಹುಡುಕಿದರೆ ಎಂಜಿನ್ ದನಿ ಸರಿಯಾದದ್ದು ಸಿಗುತ್ತೆ. ಎರಡನ್ನೂ ಅದಲುಬದಲು ಮಾಡಬೇಡಿ. ಆಲ್ಕೋ ಫೋರ್-ಸ್ಟ್ರೋಕ್, ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತೆ. ಇಎಂಡಿ ಟೂ-ಸ್ಟ್ರೋಕ್, ಸುತ್ತು ಸುತ್ತಿಗೂ ಉರಿಯುತ್ತೆ. ಪೂರ್ತಿ ಜೋರಿನಲ್ಲಿ ಆಲ್ಕೋ ಸೆಕೆಂಡಿಗೆ 133 ಸಲ ಸಿಡಿದರೆ, ನಿಮಿಷಕ್ಕೆ 904 ಸುತ್ತಿನ ಇಎಂಡಿ 241 ಸಲ ಸಿಡಿಯುತ್ತೆ. ಒಂದು ಗುಡುಗು, ಇನ್ನೊಂದು ಮೊರೆತ. ಪ್ಲಾಟ್‌ಫಾರ್ಮಿನಲ್ಲಿ ಬೆಳೆದ ಮಗುವೂ ಈ ವ್ಯತ್ಯಾಸ ಹೇಳುತ್ತೆ.

ಹಾರ್ನ್ ಮಾತ್ರ ಎರವಲು ತರಬೇಡಿ. ಅಮೆರಿಕದ ಲೆವೆಲ್ ಕ್ರಾಸಿಂಗಿನಲ್ಲಿ ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ನಮ್ಮಲ್ಲಿ ಡಬ್ಲ್ಯೂ/ಎಲ್ ಬರೆದ ಹಳದಿ ಫಲಕ ಬಂತೆಂದರೆ ಒಂದೇ ಉದ್ದನೆಯ ಹಾರ್ನ್. ತಂತಿಬೇಲಿ ಪಕ್ಕದ ಹಳ್ಳಿಯ ಗೇಟಿನ ಮುಂದೆ ಅಮೆರಿಕದ ಐದು ಸ್ವರದ ಹಾರ್ನ್ ಮೊಳಗಿದರೆ ಇಡೀ ಲೇಔಟ್ ಸುಳ್ಳಾಗಿಬಿಡುತ್ತೆ. ಹಾರ್ನ್ ರೆಕಾರ್ಡ್ ಮಾಡುವುದು ಸುಲಭ, ಅದನ್ನು ನಾವೇ ಮಾಡಬೇಕು.

ರೆಕಾರ್ಡಿಂಗಿಗೆ ಇವತ್ತಿನ ಫೋನೇ ಸಾಕು. ಮೈಕಿಗೆ ಗಾಳಿ ತಾಗದಂತೆ ಸ್ಪಂಜಿನ ತುಂಡು ಕಟ್ಟಿ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು, ಹಳದಿ ಗೆರೆಯ ಹಿಂದೆ ನಿಂತು, ಇಂಜಿನ್ನಿನಿಂದ ಹತ್ತು ಹದಿನೈದು ಮೀಟರ್ ದೂರದಲ್ಲಿ ರೆಕಾರ್ಡ್ ಮಾಡಿ. ಬಾಗಿಲಿಗೇ ಹೋಗಿ ನಿಂತರೆ ಒಂದು ಫ್ಯಾನಿನ ಸದ್ದೇ ಎಲ್ಲವನ್ನೂ ಮುಚ್ಚುತ್ತೆ. ಹಳಿಯ ಮೇಲೆ, ಯಾರ್ಡಿನೊಳಗೆ ಇಳಿಯಬೇಡಿ. ಅದು ಅಪರಾಧವೂ ಹೌದು, ಜೀವಕ್ಕೆ ಅಪಾಯವೂ ಹೌದು. ಪೂರ್ತಿ ಜೋರಿನ ದನಿ ಬೇಕಿದ್ದರೆ ಘಾಟಿಗಳ ಬುಡಕ್ಕೆ ಹೋಗಬೇಕು. ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವೆ 50ಕ್ಕೆ 1ರ ಏರು, ಕ್ಯಾಸಲ್‌ರಾಕ್-ಕುಲೆಂ ನಡುವೆ 37ಕ್ಕೆ 1. ಬಯಲಿನಲ್ಲಿ ಎಂಟನೇ ನಾಚ್ ಅರೆ ನಿಮಿಷ ಕೇಳಿಸಿದರೆ ಹೆಚ್ಚು. ಅಂಥ ಏರಿನಲ್ಲಿ ಡೀಸೆಲ್ ಇದ್ದರೆ ಅದು ಬಹಳ ಹೊತ್ತು ಅದೇ ನಾಚ್‌ನಲ್ಲಿ ದುಡಿಯುತ್ತೆ. ಇಳಿಯುವ ರೈಲಿಗೂ ಒಂದು ದನಿ ಇದೆ: ಡೈನಮಿಕ್ ಬ್ರೇಕಿನ (ಮೋಟರ್‌ಗಳನ್ನೇ ಜನರೇಟರಾಗಿಸಿ ವೇಗ ತಡೆಯುವ ಬ್ರೇಕ್) ಬ್ಲೋವರ್ ಮೊರೆತ. ಅದನ್ನೂ ಬಿಡಬೇಡಿ.

ಮನೆಗೆ ಬಂದು, ಸದ್ದು ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಕತ್ತರಿಸುವಾಗ ಒಂದು ಲೆಕ್ಕ ನೆರವಾಗುತ್ತೆ. ನಿಮಿಷಕ್ಕೆ 400 ಸುತ್ತು ಅಂದರೆ ಒಂದು ಸುತ್ತಿಗೆ 0.15 ಸೆಕೆಂಡು. ಫೋರ್-ಸ್ಟ್ರೋಕ್ ಇಂಜಿನ್ನಿನ ಪೂರ್ತಿ ಚಕ್ರ ಎರಡು ಸುತ್ತು, 0.3 ಸೆಕೆಂಡು. ಐಡಲ್‌ನ ಆ ಕುಂಟುವ ಲಯ 0.3 ಸೆಕೆಂಡಿಗೊಮ್ಮೆ ಮರುಕಳಿಸುತ್ತೆ. ಹಾಗಾಗಿ ಲೂಪ್ (ಮತ್ತೆ ಮತ್ತೆ ನುಡಿಸುವ ತುಂಡು) ಯಾವಾಗಲೂ 0.3ರ ಮಡಿಯಲ್ಲೇ ಇರಬೇಕು: 9 ಸೆಕೆಂಡು, 12 ಸೆಕೆಂಡು, ಹೀಗೆ. ನಿಜವಾದ ಇಂಜಿನ್ ಗಡಿಯಾರದಷ್ಟು ಕರಾರುವಾಕ್ಕಾಗಿ ಓಡುವುದಿಲ್ಲ, ಆದ್ದರಿಂದ ಕೊನೆಯ ತುಂಡನ್ನು ಪರದೆಯ ಮೇಲಿನ ಅಲೆ ನೋಡಿ ಹೊಂದಿಸಿ, ಅಲೆ ಸೊನ್ನೆ ದಾಟುವ ಕಡೆ ಕತ್ತರಿಸಿ. ಹಾಗೆ ಮಾಡದೆ ಎಲ್ಲೆಂದರಲ್ಲಿ ಕತ್ತರಿಸಿದರೆ ಲೂಪ್ ತಿರುಗಿದಾಗಲೆಲ್ಲ ಇಂಜಿನ್ ಎಡವಿದ ಹಾಗೆ ಕೇಳಿಸುತ್ತೆ.

ನಾಚ್‌ಗಳಿಗೆ ಎಂಟು ರೆಕಾರ್ಡಿಂಗ್ ಬೇಕೇ? ಬೇಡ, ಮೂರು ಸಾಕು. ಐಡಲ್‌ನ ಒಂದೇ ಫೈಲನ್ನು ವೇಗ ಹೆಚ್ಚಿಸುತ್ತಾ 400ರಿಂದ 1000ಕ್ಕೆ ಎಳೆದರೆ ದನಿ ಸೊಳ್ಳೆಯದಾಗುತ್ತೆ, ಏಕೆಂದರೆ ಇಂಜಿನ್ ಮೈಯ ಕಂಪನವೂ ಅದರ ಜೊತೆ ಏರಿಬಿಡುತ್ತೆ; ನಿಜದಲ್ಲಿ ಅದು ಏರುವುದಿಲ್ಲ. ಶೇ. 20ರಷ್ಟು ಎಳೆದರೆ ಮಾತ್ರ ಕಿವಿ ಒಪ್ಪುತ್ತೆ. 400, 600, 850 ಸುತ್ತಿನ ಮೂರು ರೆಕಾರ್ಡಿಂಗ್ ಇದ್ದರೆ, ಒಂದೊಂದನ್ನೂ ಮೇಲಕ್ಕೆ ಕೆಳಕ್ಕೆ ಅಷ್ಟು ಎಳೆದು, ಗಡಿಯಲ್ಲಿ ಒಂದರೊಳಗೆ ಒಂದನ್ನು ಕರಗಿಸಿದರೆ ಎಂಟೂ ನಾಚ್ ಸಿಗುತ್ತೆ.

ಸ್ಪೀಕರ್

ಖರ್ಚು ಮಾಡುವುದಾದರೆ ಇಲ್ಲಿ ಮಾಡಿ, ಆದರೆ ಇಲ್ಲಿ ಖರ್ಚೇ ಇಲ್ಲ. ಈ ಮೇಜಿನ ಮೇಲಿರುವುದು ಹಳೆಯ ಮೊಬೈಲಿನಿಂದ ಬಿಚ್ಚಿದ ಸ್ಪೀಕರ್. 15 ಮಿಲಿಮೀಟರ್ ಉದ್ದ, 11 ಅಗಲ, 8 ಓಮ್. ರಿಪೇರಿ ಅಂಗಡಿಯವರು ಪುಕ್ಕಟೆಯೇ ಕೊಡುತ್ತಾರೆ. ಇದನ್ನು ಎರಡು ಬೆರಳಲ್ಲಿ ಹಿಡಿದು ನುಡಿಸುತ್ತೇನೆ. ಕೇಳಿದಿರಲ್ಲ, ಬರೀ ಚರಚರ. ಈಗ ಅದನ್ನೇ, ಈ ಖಾಲಿ ಬೆಂಕಿಪೊಟ್ಟಣದಲ್ಲಿ ಕೊರೆದ ತೂತಿನ ಮೇಲೆ ಒತ್ತಿ ಹಿಡಿಯುತ್ತೇನೆ. (ಸಭೆಯಲ್ಲಿ ಹಿಂದಿನ ಸಾಲಿನವರಿಗೂ ವ್ಯತ್ಯಾಸ ಕೇಳಿಸಿತು.) ವಾಲ್ಯೂಮ್ ಮುಟ್ಟಿಲ್ಲ. ಆಗಿದ್ದು ಇಷ್ಟೇ. ಸ್ಪೀಕರಿನ ಪರದೆ ಮುಂದಕ್ಕೆ ತಳ್ಳುವಾಗ ಹಿಂದೆ ಎಳೆಯುತ್ತೆ. ತಡೆ ಇಲ್ಲದಿದ್ದರೆ ಮುಂದಿನ ಅಲೆ ಸುತ್ತಿ ಬಂದು ಹಿಂದಿನದರಲ್ಲಿ ಅಳಿದುಹೋಗುತ್ತೆ, ಮುಖ್ಯವಾಗಿ ದಪ್ಪ ದನಿ. ಹಿಂಬದಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿದರೆ ಆ ಅಳಿಯುವಿಕೆ ನಿಲ್ಲುತ್ತೆ. ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಪೆಟ್ಟಿಗೆ ಮಾಡಿ, ಅಂಚನ್ನೆಲ್ಲ ಅಂಟಿನಿಂದ ಗಾಳಿಯಾಡದಂತೆ ಮುಚ್ಚಿ. ತಂತಿ ಬರುವ ತೂತನ್ನೂ ಮುಚ್ಚಿ. ಅಷ್ಟು ಸಣ್ಣ ಸೋರಿಕೆಯೂ ದಪ್ಪ ದನಿಯನ್ನು ತಿನ್ನುತ್ತೆ.

ಇಷ್ಟಾದರೂ ಆಲ್ಕೋ ಐಡಲ್‌ನ ಮೂಲ ಬಡಿತ 53 ಹರ್ಟ್ಜ್ ಈ ಸ್ಪೀಕರಿನಿಂದ ಬರದು. 400-500 ಹರ್ಟ್ಜ್ ಕೆಳಗೆ ಇದು ಬಹುತೇಕ ಮೂಕ. ಅಲ್ಲಿ ನಮ್ಮ ಮಿದುಳು ನೆರವಿಗೆ ಬರುತ್ತೆ. ಒಂದು ದನಿಯ ಮೇಲಿನ ಮಡಿಗಳು (ಅದರ ಎರಡರಷ್ಟು, ಮೂರರಷ್ಟು ಆವರ್ತನದ ದನಿಗಳು) ಕೇಳಿಸಿದರೆ, ಕೇಳಿಸದ ಮೂಲ ದನಿಯನ್ನು ಮಿದುಳೇ ತುಂಬಿಕೊಳ್ಳುತ್ತೆ. ಫೋನಿನಲ್ಲಿ ಗಂಡಸರ ದಪ್ಪ ಗಂಟಲನ್ನು ಗುರುತಿಸುವುದು ಹೀಗೆಯೇ. ಆದ್ದರಿಂದ ಫೈಲಿನಲ್ಲಿ 200 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ ಎಸೆಯಿರಿ. ಅದು ಸ್ಪೀಕರನ್ನು ಸುಮ್ಮನೆ ಒದರಿಸುತ್ತೆ ಅಷ್ಟೆ. ಆಮೇಲೆ ಸ್ವಲ್ಪ ಡಿಸ್ಟಾರ್ಶನ್ ಸೇರಿಸಿ, ಮೇಲಿನ ಮಡಿಗಳು ಹೆಚ್ಚುತ್ತವೆ.

ನಿಜವಾದ ದಪ್ಪ ದನಿ ಬೇಕೇ ಬೇಕು ಅನ್ನುವವರು ಹಲಗೆಯ ಕೆಳಗೆ ನಾಲ್ಕು ಇಂಚಿನ ಸ್ಪೀಕರ್ ಇಡಿ. ದಪ್ಪ ದನಿ ಎಲ್ಲಿಂದ ಬರುತ್ತಿದೆ ಅಂತ ಹೇಳುವುದರಲ್ಲಿ ಕಿವಿ ಚುರುಕಲ್ಲ. ತೆಳು ದನಿ ಹಳಿಯ ಹತ್ತಿರದ ಸಣ್ಣ ಸ್ಪೀಕರಿನಿಂದ ಬಂದರೆ, ದಪ್ಪದ್ದೂ ಅಲ್ಲಿಂದಲೇ ಬಂತು ಅಂತ ನಂಬುತ್ತೆ. ಎಂಟಡಿ ನಾಲ್ಕಡಿಯ ಲೇಔಟಿಗೆ ಇದು ಸೊಗಸಾಗಿ ಒಪ್ಪುತ್ತೆ. ಸಣ್ಣ ಸ್ಪೀಕರನ್ನು ಸ್ಟೇಷನ್ ಕಟ್ಟಡದೊಳಗೆ ಒಂದು, ಸುರಂಗದ ಬಾಯಿಯಲ್ಲಿ ಒಂದು ಅಡಗಿಸಿ.

ವಾಲ್ಯೂಮ್ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಎಚ್‌ಒ ಅಳತೆ 87ಕ್ಕೆ 1. ಎರಡಡಿ ದೂರದಿಂದ ಇಂಜಿನ್ ನೋಡುತ್ತಿದ್ದೀರಿ ಅಂದರೆ ನಿಜದಲ್ಲಿ 50 ಮೀಟರ್ ಆಚೆ ನಿಂತಿದ್ದೀರಿ. ಅಷ್ಟು ದೂರದಲ್ಲಿ ಐಡಲ್ ಆಲ್ಕೋ ಪಕ್ಕದವರ ಮಾತನ್ನು ಮುಚ್ಚುವುದಿಲ್ಲ. ಲೇಔಟಿನ ಎದುರು ಇಬ್ಬರು ದನಿ ಏರಿಸದೆ ಮಾತಾಡಲು ಆಗುವಷ್ಟಕ್ಕೆ ಐಡಲ್ ಇಡಿ. ಎಂಟನೇ ನಾಚ್‌ಗೆ ಏರಲು ಜಾಗ ಉಳಿಯುತ್ತೆ, ಆ ಏರಿಕೆಯೇ ರೋಮಾಂಚನ.

ಪ್ರಶ್ನೆಗಳು

"ನನ್ನ ಹತ್ತಿರ ಡಿಸಿ ಕಂಟ್ರೋಲರ್ ಇದೆ, ಸದ್ದು ಇಂಜಿನ್ನಿನಿಂದಲೇ ಬರಬೇಕು. ಆದರೆ ನಿಂತಾಗ ಹಳಿಯಲ್ಲಿ ಕರೆಂಟೇ ಇರುವುದಿಲ್ಲವಲ್ಲ?" ಹೌದು, ಡಿಸಿಯಲ್ಲಿ ಅದೇ ತೊಡಕು. ಸುಲಭದ ದಾರಿ ಜೋಡಿ ಇಂಜಿನ್. ಘಾಟಿಯಲ್ಲಿ ಎರಡು ಆಲ್ಕೋ ಒಟ್ಟಿಗೆ ಎಳೆಯುವುದು ಸಾಮಾನ್ಯ ನೋಟವಾಗಿತ್ತು. ಎರಡನೆಯದರಿಂದ ಮೋಟರ್ ತೆಗೆದು, ಆ ಜಾಗದಲ್ಲಿ 3.7 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ, ಇಎಸ್‌ಪಿ32, ದೊಡ್ಡ ಸ್ಪೀಕರ್ ಕೂರಿಸಿ. ನಾಚ್‌ನ ಸುದ್ದಿ ಕಂಟ್ರೋಲರಿನಿಂದ ವೈಫೈ ಮೂಲಕ ಬರುತ್ತೆ. ರಕ್ಷಣಾ ಸರ್ಕ್ಯೂಟ್ ಇರುವ ಬ್ಯಾಟರಿಯನ್ನೇ ಕೊಳ್ಳಿ, ಚಾರ್ಜ್ ಹಾಕಿ ಮಲಗಬೇಡಿ.

"ಡಿಸಿಸಿ ಇದ್ದವರು ಏನು ಮಾಡಬೇಕು?" ಡಿಸಿಸಿ ಅಂದರೆ ಹಳಿಯ ಮೂಲಕವೇ ಇಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ. ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುವುದರಿಂದ ನಿಮ್ಮ ಅರ್ಧ ಕೆಲಸ ಮುಗಿದಿದೆ. 6ಎನ್137 ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಚಿಪ್) ಮೂಲಕ ಹಳಿಯ ಸಂಕೇತವನ್ನು ಆರ್ಡುಯಿನೋಗೆ ಕೊಟ್ಟು, ಎನ್‌ಎಂಆರ್‌ಎ-ಡಿಸಿಸಿ ಅನ್ನುವ ಉಚಿತ ಲೈಬ್ರರಿ ಹಾಕಿದರೆ ಫಂಕ್ಷನ್ ಬಟನ್‌ಗಳನ್ನೆಲ್ಲ ಅದು ಓದುತ್ತೆ. ಆದೇಶ ಕಳಿಸುವ ಪೆಟ್ಟಿಗೆ, ಅಂದರೆ ಕಮಾಂಡ್ ಸ್ಟೇಷನ್, ಇನ್ನೂ ಕೊಂಡಿಲ್ಲವಾದರೆ ಡಿಸಿಸಿ-ಇಎಕ್ಸ್ ನೋಡಿ, ಅದೂ ಆರ್ಡುಯಿನೋ ಮೇಲೆಯೇ ನಡೆಯುತ್ತೆ. ಸಿದ್ಧ ಡಿಕೋಡರ್ ಇರುವವರು ಅದರ ಸೆಟ್ಟಿಂಗ್‌ಗಳಲ್ಲಿ ಸಿವಿ 3 ಮತ್ತು ಸಿವಿ 4ನ್ನು ಏರಿಸಿ. ಓಟ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತೆ. ಕೊಂಡ ದಿನ ಇದ್ದ ಹಾಗೇ ಬಿಟ್ಟರೆ ದುಬಾರಿ ದನಿಯೂ ವ್ಯರ್ಥ.

"ಗಾಲಿ ಮಣ್ಣಾದಾಗ ಸದ್ದು ತಡವರಿಸುತ್ತೆ." ಮೊದಲು ಹಳಿ, ಗಾಲಿ ಒರೆಸಿ. ಆಮೇಲೆ 5 ವೋಲ್ಟಿನ ಕಡೆ 2.7 ವೋಲ್ಟ್, 1 ಫ್ಯಾರಡ್‌ನ ಎರಡು ಸೂಪರ್ ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಹಾಕಿ, ಎರಡು ಮೂರು ಸೆಕೆಂಡು ತಡೆಯುತ್ತೆ. ಚಾರ್ಜ್ ಆಗುವಾಗ ಕರೆಂಟ್ ನುಗ್ಗದಂತೆ ಒಂದು ರೆಸಿಸ್ಟರ್ ಇರಲಿ.

"ಊಟಿ ರೈಲಿನ ಎಕ್ಸ್ ಕ್ಲಾಸ್ ಇಂಜಿನ್ನಿಗೆ ನಾಲ್ಕು ಛುಕ್ ಲೆಕ್ಕ ಹಿಡಿಯುತ್ತಾ?" ಒಳ್ಳೆಯ ಪ್ರಶ್ನೆ. ಅದಕ್ಕೆ ನಾಲ್ಕು ಸಿಲಿಂಡರ್. ಮೆಟ್ಟುಪಾಳ್ಯದಿಂದ ಕಲ್ಲಾರಿನವರೆಗಿನ ಸಾದಾ ಹಳಿಯಲ್ಲಿ ಎರಡೇ ದುಡಿಯುತ್ತವೆ, ಅಲ್ಲಿ ಲೆಕ್ಕ ಹಿಡಿಯುತ್ತೆ. ಕಲ್ಲಾರಿನಿಂದ ಕೂನೂರಿಗೆ ಹಲ್ಲುಹಳಿ ಏರುವಾಗ ಮೊದಲ ಜೋಡಿಯಲ್ಲಿ ದುಡಿದ ಉಗಿ ಎರಡನೇ ಜೋಡಿಗೆ ಹೋಗಿ, ಹಲ್ಲುಚಕ್ರ ತಿರುಗಿಸಿ, ಆಮೇಲೆ ಚಿಮಣಿಗೆ ಬರುತ್ತೆ. ಅಲ್ಲಿ ಕೇಳಿಸುವುದು ಹಲ್ಲುಚಕ್ರದ ಲಯ, ಗಾಲಿಯದಲ್ಲ. ಅದಕ್ಕೆ ಬೇರೆ ರೆಕಾರ್ಡಿಂಗ್, ಬೇರೆ ಲೆಕ್ಕ. ವಿಡಿಯೋ ತೆಗೆದು, ನಿಧಾನವಾಗಿ ಓಡಿಸಿ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಬಡಿತ ಅಂತ ಎಣಿಸಿ ಹೊಂದಿಸಿಕೊಳ್ಳಿ.

"ರೆಕಾರ್ಡಿಂಗ್‌ಗಳನ್ನು ಹೇಗೆ ಇಟ್ಟುಕೊಳ್ಳಬೇಕು?" ಇದಕ್ಕೆ ಉತ್ತರ ಹೇಳದೆ ನಾನು ಇಳಿಯುತ್ತಿರಲಿಲ್ಲ. ಮಾರ್ಗಗಳು ವಿದ್ಯುತ್ತಾಗುತ್ತಿದ್ದಂತೆ ಆಲ್ಕೋಗಳು ಒಂದೊಂದಾಗಿ ಹೋಗುತ್ತಿವೆ. ಮೀಟರ್‌ಗೇಜಿನ ವೈಪಿ ನಮ್ಮ ಊರುಗಳಲ್ಲಿ ಓಡುತ್ತಿದ್ದಾಗ ನಮ್ಮ ಕೈಯಲ್ಲಿ ರೆಕಾರ್ಡರ್ ಇರಲಿಲ್ಲ; ಈಗ ಎಲ್ಲರ ಜೇಬಿನಲ್ಲೂ ಇದೆ. ಕತ್ತರಿಸದ ಮೂಲ ಫೈಲನ್ನು ವೇವ್ ರೂಪದಲ್ಲೇ, ಎರಡು ಬೇರೆ ಜಾಗದಲ್ಲಿ ಇಡಿ. ಎಂಪಿ3 ಮಾಡಿ ಮೂಲವನ್ನು ಅಳಿಸಬೇಡಿ. ರೆಕಾರ್ಡಿಂಗ್ ಶುರುವಾದ ಕೂಡಲೇ ಇಂಜಿನ್ ನಂಬರ್, ಶೆಡ್, ಸ್ಟೇಷನ್, ದಿನಾಂಕ, ಎಷ್ಟು ದೂರದಲ್ಲಿ ನಿಂತಿದ್ದೀರಿ ಅನ್ನುವುದನ್ನು ಬಾಯಲ್ಲೇ ಹೇಳಿಬಿಡಿ. ಫೈಲಿನ ಹೆಸರು ಬದಲಾದರೂ ಆ ಮಾತು ಅದರೊಳಗೇ ಉಳಿಯುತ್ತೆ, ಮುಂದೆ ಬೇರೆಯವರು ಕೇಳಿದಾಗ ಅದು ಯಾವ ಇಂಜಿನ್ ಅಂತ ಅವರಿಗೆ ತಿಳಿಯುತ್ತೆ.